ಮನೆಯಲ್ಲಿ ಬ್ರೇಕ್ ಬ್ಲೀಡ್ ಮಾಡುವಾಗ ಮಾಸ್ಟರ್ ಸಿಲಿಂಡರ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ — ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವನು. ನನ್ನ ಬಳಿ 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರೊಂದಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ತಿಂಗಳಿಗೆ ಎರಡು ಮೂರು ಸಲವಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರಬೇಕಾಗುತ್ತದೆ. ಕಳೆದ ವಾರ ಒಂದು ಲಾರಿಯ ಹಿಂದೆ ನಿಧಾನವಾಗಿ, ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಇಳಿಯಬೇಕಾಗಿ ಬಂತು. ಸೋಮೇಶ್ವರ ತಲುಪುವ ಹೊತ್ತಿಗೆ ಪೆಡಲ್ ಮೆತ್ತಗಾಗಿ, ಎಂದಿಗಿಂತ ಬಹಳ ಕೆಳಗಿನವರೆಗೆ ಹೋಗತೊಡಗಿತು. ಗಾಡಿ ನಿಲ್ಲಿಸಿ ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಮೊದಲಿನಂತಾಯಿತು. ಬಾನೆಟ್ ತೆರೆದು ನೋಡಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಸರಿಯಾಗಿಯೇ ಇದೆ, ಆದರೆ ಬಣ್ಣ ಕಾಫಿ ಡಿಕಾಕ್ಷನ್‌ನಂತಿದೆ. ಕೊನೆಯದಾಗಿ ಆಯಿಲ್ ಬದಲಿಸಿದ್ದು ಆರು ವರ್ಷಗಳ ಹಿಂದೆ ಎಂದು ಹಳೆಯ ಬಿಲ್ ನೋಡಿದಾಗ ತಿಳಿಯಿತು.

ಬ್ಲೀಡ್ ಮಾಡುವ, ಅಂದರೆ ಹಳೆಯ ಆಯಿಲನ್ನೂ ಒಳಗಿನ ಗಾಳಿಯನ್ನೂ ಹೊರತೆಗೆದು ಹೊಸ ಆಯಿಲ್ ತುಂಬುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. ಸಾಮಾನ್ಯ ಸರ್ವಿಸ್ ಕೆಲಸಗಳ ಅಭ್ಯಾಸ ನನಗಿದೆ, ಪೆಡಲ್ ಒತ್ತಲು ಪಿಯುಸಿ ಓದುತ್ತಿರುವ ಮಗಳು ಜೊತೆಗಿರುತ್ತಾಳೆ. ಆದರೆ ಮನಸ್ಸಿಗೆ ಒಂದು ಅಳುಕಿದೆ. ಎರಡು ವರ್ಷಗಳ ಹಿಂದೆ ನಮ್ಮಣ್ಣ ತಮ್ಮ ಹಳೆಯ ಕಾರಿಗೆ ಹೀಗೆಯೇ ಮನೆಯಲ್ಲಿ ಏರ್ ತೆಗೆದು ಹೊಸ ಆಯಿಲ್ ಹಾಕಿದರು. ಪೆಡಲನ್ನು ನೆಲ ಮುಟ್ಟುವವರೆಗೆ ಹತ್ತಾರು ಬಾರಿ ಒತ್ತಿಸಿದ್ದು ನನ್ನ ಕಣ್ಣೆದುರೇ ನಡೆದದ್ದು. ಆ ದಿನ ಎಲ್ಲವೂ ಸರಿಯಿತ್ತು. ವಾರ ಕಳೆಯುವುದರೊಳಗೆ, ಸಿಗ್ನಲ್‌ನಲ್ಲಿ ಪೆಡಲ್ ಒತ್ತಿ ನಿಂತರೆ ಅದು ಮೆಲ್ಲಮೆಲ್ಲನೆ ತಾನಾಗಿಯೇ ಕೆಳಗಿಳಿಯತೊಡಗಿತು. ಎಲ್ಲಿಯೂ ಒಂದು ಹನಿ ಸೋರಿರಲಿಲ್ಲ. ಗ್ಯಾರೇಜಿನಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಬ್ರೇಕಿಗೆ ತಳ್ಳುವ ಭಾಗ) ಹೋಗಿದೆ ಎಂದು ಹೇಳಿ ಬದಲಿಸಿದರು. ಅದು ಕಾಕತಾಳೀಯವೋ, ಬ್ಲೀಡ್ ಮಾಡಿದ ರೀತಿಯಿಂದಲೇ ಆದದ್ದೋ? ಎರಡನೆಯದಾದರೆ, ಅದೇ ತಪ್ಪು ನನ್ನಿಂದ ಆಗದಂತೆ ಏನು ಮಾಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ — ಹಳೆಯ ಪಾನಾ

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವರ್ಕ್‌ಶಾಪಿನಲ್ಲಿ ದುಡಿದು ಈಗ ವಿಶ್ರಾಂತಿಯಲ್ಲಿರುವವನು. ನಿಮ್ಮಣ್ಣನವರ ಕಾರಿಗೆ ಆದದ್ದು ಕಾಕತಾಳೀಯವಲ್ಲವೆಂದೇ ನನ್ನ ಅಭಿಪ್ರಾಯ. ಇಂತಹ ಹತ್ತಾರು ಗಾಡಿಗಳು ನನ್ನ ಕೈಯಲ್ಲಿ ಹಾದುಹೋಗಿವೆ.

ಕಾರಣ ತಿಳಿದರೆ ಎಚ್ಚರಿಕೆ ತಾನಾಗಿಯೇ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಾಸ್ಟರ್ ಸಿಲಿಂಡರಿನ ಒಳಗೆ ಒಂದರ ಮುಂದೊಂದು ಎರಡು ಪಿಸ್ಟನ್‌ಗಳಿವೆ. ಪ್ರತಿ ಪಿಸ್ಟನ್‌ಗೂ ರಬ್ಬರ್ ಕಪ್‌ಗಳಿದ್ದು, ಅವುಗಳ ತೆಳುವಾದ ಅಂಚು ಸಿಲಿಂಡರಿನ ಗೋಡೆಗೆ ಒತ್ತಿಕೊಂಡು, ಆಯಿಲ್ ಹಿಂದಕ್ಕೆ ಜಾರದಂತೆ ತಡೆದು ಮುಂದಕ್ಕೆ ತಳ್ಳುತ್ತದೆ. ದಿನನಿತ್ಯದ ಓಡಾಟದಲ್ಲಿ ಪಿಸ್ಟನ್ ಸಿಲಿಂಡರಿನ ಪೂರ್ತಿ ಉದ್ದಕ್ಕೆ ಹೋಗುವುದೇ ಇಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಡಿಸ್ಕಿನ ಪ್ಯಾಡು, ಡ್ರಮ್ಮಿನ ಶೂಗಳು ಹಿಡಿದುಬಿಡುತ್ತವೆ. ಹೀಗಾಗಿ ಹಿಂಭಾಗದ ಗೋಡೆ ಕಪ್‌ಗಳ ಓಡಾಟದಿಂದ ನುಣುಪಾಗಿ ಉಳಿಯುತ್ತದೆ, ಕಪ್‌ಗಳು ಎಂದೂ ತಲುಪದ ಮುಂಭಾಗದಲ್ಲಿ ವರ್ಷಗಟ್ಟಲೆ ಕಿಲುಬು, ಗಸಿ ಕೂಡುತ್ತವೆ. ನಿಮ್ಮ ಮಲೆನಾಡಿನ ಅಂಗಳವನ್ನೇ ನೆನೆಯಿರಿ: ಮಳೆಗಾಲದಲ್ಲಿ ಜನ ನಡೆಯುವ ಕಡೆ ಕಲ್ಲು ಕಾಣುತ್ತದೆ, ಯಾರೂ ಕಾಲಿಡದ ಮೂಲೆಯಲ್ಲಿ ಪಾಚಿ ಕಟ್ಟುತ್ತದೆ.

ಬ್ಲೀಡ್ ಮಾಡಲು ಚಕ್ರದ ಬಳಿಯ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿದ ಕ್ಷಣ ಪೆಡಲಿಗೆ ಎದುರೊತ್ತಡವೇ ಇರುವುದಿಲ್ಲ. ಪೆಡಲ್ ಒತ್ತುತ್ತಿರುವವರ ಕಾಲು ಸೀದಾ ನೆಲಕ್ಕೆ ಹೋಗುತ್ತದೆ, ಪಿಸ್ಟನ್ ತನ್ನ ಜೀವಮಾನದಲ್ಲೇ ಹೋಗದ ಜಾಗಕ್ಕೆ ನುಗ್ಗುತ್ತದೆ. ಆರು ವರ್ಷ ಹಳೆಯ ಆಯಿಲಿನಲ್ಲಿ ಕುಳಿತು ಗಡುಸಾದ ರಬ್ಬರ್ ಅಂಚು ಆ ಒರಟು ಗೋಡೆಗೆ ಉಜ್ಜಿ ಗೀರುಬೀಳುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಅನಂತರ ಪೆಡಲ್ ಒತ್ತಿ ಹಿಡಿದಾಗ ಆಯಿಲ್ ಆ ಗೀರಿನ ಮೂಲಕ ಕಪ್‌ನ ಹಿಂದಕ್ಕೆ ನುಸುಳುತ್ತದೆ. ಹೊರಗೆ ಸೋರಿಕೆ ಕಾಣದೆ ಪೆಡಲ್ ಇಳಿಯುವುದು ಇದೇ ಕಾರಣಕ್ಕೆ.

ತಡೆಯುವ ಉಪಾಯ ಬಹಳ ಸರಳ. ಕೆಲಸ ಶುರು ಮಾಡುವ ಮೊದಲು, ಎಂಜಿನ್ ನಿಲ್ಲಿಸಿ, ಪೆಡಲನ್ನು ನಾಲ್ಕಾರು ಬಾರಿ ಒತ್ತಿ ಬೂಸ್ಟರಿನಲ್ಲಿ (ಎಂಜಿನ್ನಿನ ನಿರ್ವಾತದಿಂದ ಕಾಲಿನ ಬಲ ಹೆಚ್ಚಿಸುವ ಭಾಗ) ಉಳಿದ ನಿರ್ವಾತವನ್ನು ಖಾಲಿ ಮಾಡಿ. ಆಮೇಲೆ ಗಟ್ಟಿಯಾಗಿ ಒತ್ತಿದಾಗ ಪೆಡಲ್ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂದು ಅಳೆದುಕೊಳ್ಳಿ. ಆ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೆಡಲ್ ತಡೆದು ನಿಲ್ಲುವಂತೆ ಒಂದು ಮರದ ತುಂಡನ್ನು ಅದರ ಕೆಳಗೆ ನೆಲಕ್ಕೆ ಇಡಿ. ತುಂಡು ಜಾರಬಾರದು, ಅಗಲವಾದದ್ದನ್ನೇ ಆರಿಸಿ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಪ್ರತಿ ಬಾರಿ ಸ್ವಲ್ಪ ಕಡಿಮೆ ಆಯಿಲ್ ಬರುತ್ತದೆ, ಹತ್ತು ಬಾರಿ ಒತ್ತುವ ಕಡೆ ಹದಿನೆಂಟು ಬಾರಿ ಒತ್ತಬೇಕಾಗುತ್ತದೆ, ಅಷ್ಟೇ. ಕೆಲಸದ ನಡುವೆ ಎಂಜಿನ್ ಚಾಲೂ ಮಾಡಬೇಡಿ, ಬೂಸ್ಟರಿನ ಬಲ ಸೇರಿಕೊಂಡರೆ ಕಾಲಿಗೆ ಹಿಡಿತ ಸಿಗುವುದಿಲ್ಲ.

ಒತ್ತುವ ಲಯವೂ ಮುಖ್ಯ. ಮಗಳು ಪೆಡಲ್ ಮೇಲೆ ಹದವಾಗಿ ಭಾರ ಹಾಕಿ "ಒತ್ತಿದೆ" ಎಂದ ಮೇಲೆಯೇ ನೀವು ನಿಪ್ಪಲನ್ನು ಕಾಲು ಸುತ್ತಿನಷ್ಟು ಸಡಿಲಿಸಿ. ಪೆಡಲ್ ಮರದ ತುಂಡನ್ನು ಮುಟ್ಟುವ ಮೊದಲೇ ಬಿಗಿ ಮಾಡಿ. ನೀವು "ಬಿಡು" ಎಂದ ಮೇಲೆಯೇ ಅವಳು ಕಾಲು ತೆಗೆಯಲಿ. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆದ್ದರೆ ಗಾಳಿ ಒಳಸೇರುತ್ತದೆ. ಬಿಡುವುದೂ ನಿಧಾನವಾಗಿರಲಿ. ಪಿಸ್ಟನ್ ರಭಸದಿಂದ ಹಿಂದೆ ಸರಿದರೆ ಅದರ ಮುಂದೆ ಒತ್ತಡ ಕುಸಿದು ಕಪ್‌ನ ಅಂಚು ಒಳಕ್ಕೆ ಬಾಗುತ್ತದೆ, ಸೂಕ್ಷ್ಮ ಗುಳ್ಳೆಗಳೂ ಹುಟ್ಟುತ್ತವೆ. ನೀರಿನ ಕೈಪಂಪು ಹೊಡೆದಂತೆ ಪಟಪಟನೆ ಪೆಡಲ್ ಹೊಡೆಯುವುದನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ನಿಪ್ಪಲ್ ಮುಟ್ಟುವ ಮೊದಲು ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿ, ಸ್ವಚ್ಛವಾದ ದೊಡ್ಡ ಸಿರಿಂಜಿನಿಂದ ಹಳೆಯ ಆಯಿಲನ್ನು ಆದಷ್ಟು ಹೀರಿ ತೆಗೆದು ಹೊಸದನ್ನು ತುಂಬಿ. ಡಬ್ಬಿಯ ತಳದಲ್ಲಿರುವ ರಂಧ್ರಗಳು ಮಾತ್ರ ಯಾವ ಕಾರಣಕ್ಕೂ ಬರಿದಾಗಬಾರದು. ಹೀಗೆ ಮಾಡಿದರೆ ಡಬ್ಬಿಯ ಕೆಸರು ಮಾಸ್ಟರ್ ಸಿಲಿಂಡರಿನ ಮೂಲಕ ಹಾಯುವುದು ತಪ್ಪುತ್ತದೆ. ಮುಂದೆ ಪ್ರತಿ ಐದಾರು ಒತ್ತಿಗೊಮ್ಮೆ ಮಟ್ಟ ನೋಡಿ ತುಂಬುತ್ತಿರಿ. ಡಬ್ಬಿ ಖಾಲಿಯಾಗಿ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕರೆ ಅರ್ಧ ಗಂಟೆಯ ಕೆಲಸ ಅರ್ಧ ದಿನದ್ದಾಗುತ್ತದೆ, ಪೆಡಲನ್ನು ನೆಲದವರೆಗೆ ಒತ್ತುವ ಚಪಲ ಹುಟ್ಟುವುದೂ ಆಗಲೇ.

ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ತನ್ನಿ. ಸೀಲ್ ಒಡೆಯದ ಬಾಟಲಿಯೇ ಬೇಕು. ಸಣ್ಣ ಕಾರಿಗೆ ಪೂರ್ತಿ ಬದಲಿಸಲು ಅರ್ಧ ಲೀಟರಿಗಿಂತ ಹೆಚ್ಚು ಬೇಕಾಗಬಹುದು, ಒಂದು ಲೀಟರ್ ಕೈಯಲ್ಲಿರಲಿ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಇವುಗಳ ಒಂದು ಹನಿಯೂ ಒಳಗೆ ಹೋಗಬಾರದು. ಬ್ರೇಕಿನ ರಬ್ಬರ್ ಅವುಗಳಿಂದ ಊದಿಕೊಂಡು ಹಾಳಾಗುತ್ತದೆ. ಎಂಜಿನ್ ಆಯಿಲ್ ಹಾಕಿದ್ದ ಹಳೆಯ ಸಿರಿಂಜನ್ನು ತೊಳೆದು ಬಳಸುವುದೂ ಬೇಡ.

ಉತ್ತರ — ಚಾಮುಂಡಿ ತಪ್ಪಲು

ಹಳೆಯ ಪಾನಾ ಅವರ ವಿವರಣೆಯನ್ನು ಗೌರವದಿಂದ ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ. ನಾನು ಬಿಡಿಭಾಗಗಳ ತಯಾರಿಕೆಯಲ್ಲಿ ಕೆಲಸ ಮಾಡಿದವನು. ಮಾಸ್ಟರ್ ಸಿಲಿಂಡರನ್ನು ಅದರ ಪೂರ್ತಿ ಹಾದಿ ಬಳಕೆಯಾಗಬಹುದೆಂಬ ಲೆಕ್ಕದಲ್ಲೇ ರೂಪಿಸಿರುತ್ತಾರೆ. ಎರಡು ಪಿಸ್ಟನ್ ಇಟ್ಟಿರುವುದೂ ಅದಕ್ಕಾಗಿಯೇ: ಒಂದು ಸರ್ಕ್ಯೂಟಿನ (ಬ್ರೇಕ್ ಆಯಿಲಿನ ಎರಡು ಪ್ರತ್ಯೇಕ ಹಾದಿಗಳಲ್ಲಿ ಒಂದರ) ಪೈಪ್ ಒಡೆದರೆ ಆ ಭಾಗದ ಪಿಸ್ಟನ್ ಕೊನೆಯವರೆಗೆ ಹೋಗಿ ತಾಗಿ ನಿಂತು, ಉಳಿದ ಸರ್ಕ್ಯೂಟ್ ಕೆಲಸ ಮಾಡಬೇಕು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುತ್ತ ಬಂದಿರುವ ಕಾರಿನಲ್ಲಿ ಪೆಡಲ್ ಒಮ್ಮೆ ನೆಲ ಮುಟ್ಟಿದರೆ ಕಪ್ ಹರಿಯುತ್ತದೆಂದು ಹೆದರಬೇಕಾಗಿಲ್ಲ. ನನ್ನ ಸ್ವಂತ ಕಾರಿನಲ್ಲಿ ಹಾಗೆ ಹಲವು ಸಲ ಆಗಿದೆ, ಎಂಟು ವರ್ಷಗಳಲ್ಲಿ ಏನೂ ತೊಂದರೆಯಾಗಿಲ್ಲ. ಮೂಲ ದೋಷ ಆಯಿಲನ್ನು ವರ್ಷಗಟ್ಟಲೆ ಬದಲಿಸದೆ ಬಿಡುವುದು. ಕಾಲು ನೆಲ ಮುಟ್ಟಿದ್ದು ಆ ದೋಷ ಹೊರಬೀಳಲು ನೆಪ ಮಾತ್ರ.

ನಿಮ್ಮ ಘಾಟಿಯ ಅನುಭವಕ್ಕೂ ಅದೇ ಕಾರಣ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿಯವರೆಗೆ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದಾಗ ಈ ಮಿತಿಗಳು 140 ಮತ್ತು 155 ಡಿಗ್ರಿಗೆ ಇಳಿಯುತ್ತವೆ. ಬ್ರೇಕ್ ಮೇಲೆಯೇ ಘಾಟಿ ಇಳಿದಾಗ ಕ್ಯಾಲಿಪರಿನ (ಡಿಸ್ಕಿಗೆ ಪ್ಯಾಡು ಒತ್ತುವ ಭಾಗ) ಬಳಿ ಆ ಮಟ್ಟದ ಬಿಸಿ ಹುಟ್ಟುವುದು ಅಸಾಧ್ಯವೇನಲ್ಲ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತದೆ, ತಣಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆಯಿಲ್ ಬದಲಿಸುವವರೆಗೆ ದಯವಿಟ್ಟು ಆ ಕಾರಿನಲ್ಲಿ ಘಾಟಿ ಇಳಿಯಬೇಡಿ. ಬದಲಿಸಿದ ಮೇಲೂ ಎರಡನೇ ಗೇರಿನಲ್ಲೇ ಇಳಿಯಿರಿ.

ಅಕಸ್ಮಾತ್ ಕಪ್ ಹರಿದರೆ ಅಂಗಡಿಯಲ್ಲಿ ಸಿಗುವ ಹೊಸ ಕಪ್‌ಗಳ ಕಿಟ್ ತಂದು ಹಾಕಿಬಿಡೋಣವೆಂದು ಯೋಚಿಸಬೇಡಿ. ಹಿಂದಿನ ಬೀಡುಕಬ್ಬಿಣದ ಸಿಲಿಂಡರುಗಳ ಒಳಮೈಯನ್ನು ಉಜ್ಜಿ ನಯಗೊಳಿಸಬಹುದಿತ್ತು. ಈಗಿನವು ಅಲ್ಯೂಮಿನಿಯಂನವು, ಅವುಗಳ ಒಳಗೋಡೆಗೆ ತೆಳುವಾದ ಗಟ್ಟಿ ಪದರವೊಂದನ್ನು ಕೊಟ್ಟಿರುತ್ತಾರೆ. ಎಮರಿ ಕಾಗದ ತಾಗಿದರೆ ಅದು ಕಿತ್ತುಹೋಗಿ, ಹೊಸ ಕಪ್‌ಗಳೂ ಬೇಗನೆ ಹಾಳಾಗುತ್ತವೆ. ಪೂರ್ತಿ ಸಿಲಿಂಡರನ್ನೇ ಬದಲಿಸುವುದು ಸರಿಯಾದ ಮಾರ್ಗ.

ಉತ್ತರ — ಹಳೆಯ ಪಾನಾ

ಚಾಮುಂಡಿ ತಪ್ಪಲು ಅವರ ಮಾತಿನಲ್ಲಿ ಹುರುಳಿದೆ. ಶುದ್ಧವಾಗಿಟ್ಟ ಗಾಡಿಗೆ ಅಷ್ಟು ಭಯ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರ ಕಾರು ಅಂತಹದಲ್ಲ; 2012ರದು, ಆರು ವರ್ಷದ ಆಯಿಲು, ಮೇಲಾಗಿ ತೀರ್ಥಹಳ್ಳಿಯ ಮಳೆ. ಒಳಗೋಡೆ ಹೇಗಿದೆ ಎಂದು ಬಿಚ್ಚದೆ ನೋಡುವ ದಾರಿ ಇಲ್ಲದಿರುವಾಗ, ಕೆಟ್ಟಿದೆಯೆಂದೇ ತಿಳಿದು ನಡೆಯುವುದು ಕ್ಷೇಮ. ಮರದ ತುಂಡಿಗೆ ಖರ್ಚೂ ಇಲ್ಲ.

ನಿಪ್ಪಲ್ ವಿಷಯ ಹೇಳಲು ಮರೆತೆ. ಹಿಂದಿನ ದಿನವೇ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ, ಆದರೆ ಅದು ಡಿಸ್ಕು, ಪ್ಯಾಡುಗಳಿಗೆ ತಾಗದಂತೆ ಬಟ್ಟೆ ಅಡ್ಡ ಹಿಡಿಯಿರಿ. ಓಪನ್ ಸ್ಪ್ಯಾನರ್ ಬಳಸದೆ ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಬಳಸಿ, ಇಲ್ಲದಿದ್ದರೆ ಷಟ್ಕೋನದ ಮೂಲೆಗಳು ಸವೆದು ನಿಪ್ಪಲ್ ಮುರಿಯುವವರೆಗೆ ಹೋಗುತ್ತದೆ. ನಾಲ್ಕೂ ನಿಪ್ಪಲ್‌ಗಳು ತಿರುಗುತ್ತವೆಯೆಂದು ಖಚಿತವಾದ ಮೇಲೆಯೇ ಡಬ್ಬಿಯ ಆಯಿಲಿಗೆ ಕೈ ಹಾಕಿ.

ಉತ್ತರ — ಕರಾವಳಿಯವಳು

ನಾನು ಮಂಗಳೂರಿನವಳು. ಕಳೆದ ಆರು ವರ್ಷಗಳಿಂದ ನನ್ನ ಹಾಗೂ ತಂದೆಯವರ ಕಾರಿನ ಬ್ರೇಕ್ ಆಯಿಲನ್ನು ನಾನೇ ಬದಲಿಸುತ್ತಿದ್ದೇನೆ, ಹೆಚ್ಚಿನ ಪಾಲು ಪೆಡಲನ್ನು ಮುಟ್ಟದೆಯೇ. ಡಬ್ಬಿಯ ಮುಚ್ಚಳ ಸಡಿಲಿಸಿ, ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ ತೆರೆದು ಸುಮ್ಮನೆ ಕುಳಿತರಾಯಿತು. ಡಬ್ಬಿ ಎತ್ತರದಲ್ಲಿರುವುದರಿಂದ ಆಯಿಲ್ ತನ್ನ ಭಾರಕ್ಕೇ ತಾನು ಹನಿಹನಿಯಾಗಿ ಇಳಿಯುತ್ತದೆ. ನನ್ನ ಕಾರಿನಲ್ಲಿ ಒಂದು ಚಕ್ರಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಇದ್ದ ಜಾಗದಿಂದ ಅಲುಗಾಡುವುದೇ ಇಲ್ಲ. ಸಿಸ್ಟಮ್ಮಿನೊಳಗೆ ಗಾಳಿ ಇಲ್ಲದೆ ಬರೀ ಹಳೆಯ ಆಯಿಲ್ ಬದಲಿಸಬೇಕಾದಾಗ ಇದಕ್ಕಿಂತ ಸುರಕ್ಷಿತವಾದ ವಿಧಾನ ನನಗೆ ಕಂಡಿಲ್ಲ. ಗಾಳಿ ಸೇರಿದ್ದರೆ ಮಾತ್ರ ಪೈಪಿನ ಏರುಭಾಗಗಳಲ್ಲಿ ಗುಳ್ಳೆ ಉಳಿಯಬಹುದು. ಆಗ ಕೊನೆಯಲ್ಲಿ ಮರದ ತುಂಡು ಇಟ್ಟು ನಾಲ್ಕೈದು ಬಾರಿ ಮೃದುವಾಗಿ ಒತ್ತಿ ಮುಗಿಸುತ್ತೇನೆ.

ನಿರ್ವಾತ ಪಂಪ್ ಬಳಸಿ ನಿಪ್ಪಲ್ ಕಡೆಯಿಂದ ಎಳೆಯುವ ವಿಧಾನವನ್ನೂ ಒಮ್ಮೆ ನೋಡಿದೆ. ನಿಪ್ಪಲಿನ ತಿರುಪಿನ ಎಳೆಗಳ ಸುತ್ತಲಿಂದ ಗಾಳಿ ನುಸುಳಿ ನಳಿಕೆಯಲ್ಲಿ ಗುಳ್ಳೆ ಬರುತ್ತಲೇ ಇತ್ತು, ಒಳಗಿನ ಗಾಳಿ ಯಾವುದು ಹೊರಗಿನದ್ದು ಯಾವುದು ತಿಳಿಯದೆ ಒಂದು ಬಾಟಲಿ ಆಯಿಲ್ ವ್ಯರ್ಥವಾಯಿತು.

ತುಂಗಾತೀರ ಅವರೇ, ನಿಮ್ಮ ಹಿಂದಿನ ಡ್ರಮ್ಮುಗಳ ಶೂಗಳನ್ನು ಮೊದಲು ನೋಡಿ. ಶೂ ಸವೆದು ಡ್ರಮ್ಮಿನಿಂದ ದೂರ ಉಳಿದಿದ್ದರೆ, ಒಂದಿಷ್ಟೂ ಗಾಳಿ ಇಲ್ಲದಿದ್ದರೂ ಪೆಡಲ್ ಕೆಳಗಿನವರೆಗೆ ಹೋಗುತ್ತದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಕೂಡಲೇ ಇನ್ನೊಮ್ಮೆ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂಗಳ ಅಂತರದ ಮೇಲೆ ಸಂಶಯ ಪಡಬೇಕು. ಗಾಳಿ ಇದ್ದರೆ ಸ್ಪಂಜು ಒತ್ತಿದ ಅನುಭವ ಬರುತ್ತದೆ. ಇದು ತಿಳಿಯದೆ ನನ್ನ ಪರಿಚಿತರೊಬ್ಬರು ಇಲ್ಲದ ಗಾಳಿಯನ್ನು ತೆಗೆಯಲು ಒಂದು ಭಾನುವಾರವಿಡೀ ಪೆಡಲ್ ಹೊಡೆದು, ಸಂಜೆಯ ಹೊತ್ತಿಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರನ್ನು ಕಳೆದುಕೊಂಡರು.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಲಸ ಆರಂಭಿಸುವ ಮೊದಲು ಇನ್ನೆರಡು ಸಂದೇಹಗಳಿವೆ. ಯಾವ ಚಕ್ರದಿಂದ ಶುರು ಮಾಡಬೇಕು? ಹಾಗೆಯೇ, ಪೆಡಲ್ ಮೇಲೆ ಕಾಲಿಟ್ಟು ಎಂಜಿನ್ ಚಾಲೂ ಮಾಡಿದಾಗ ಅದು ತುಸು ಕೆಳಗಿಳಿಯುತ್ತದೆ. ನನ್ನ ಮಾಸ್ಟರ್ ಸಿಲಿಂಡರ್ ಈಗಾಗಲೇ ಕೆಟ್ಟಿದೆಯೆಂದು ಅರ್ಥವೇ?

ಉತ್ತರ — ಹಳೆಯ ಪಾನಾ

ಎಂಜಿನ್ ಚಾಲೂ ಆದೊಡನೆ ಪೆಡಲ್ ತುಸು ಇಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ, ಅದು ಶುಭಲಕ್ಷಣ. ನೋಡಬೇಕಾದದ್ದು ಆನಂತರದ್ದನ್ನು. ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಸಾಧಾರಣ ಬಲದಿಂದ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಂತಲ್ಲೇ ನಿಂತರೆ ಕಪ್‌ಗಳು ಸರಿಯಾಗಿವೆ. ಒಂದೇ ಸಮನೆ ಇಳಿಯುತ್ತಲೇ ಹೋದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಸಿಲಿಂಡರ್ ಒಳಗೇ ಬಿಟ್ಟುಕೊಡುತ್ತಿದೆ. ಈ ಪರೀಕ್ಷೆಯನ್ನು ಕೆಲಸದ ಮೊದಲೂ ಮಾಡಿ, ಮುಗಿದ ಮೇಲೂ ಮಾಡಿ. ಮೊದಲೇ ದುರ್ಬಲವಾಗಿದ್ದ ಸಿಲಿಂಡರಿನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳುವುದು ತಪ್ಪುತ್ತದೆ.

ಕ್ರಮದ ವಿಷಯದಲ್ಲಿ ನಿಮ್ಮ ಕಾರಿನ ಕೈಪಿಡಿಯ ಮಾತೇ ಕೊನೆಯದು. ಸ್ಟೀರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರೂ ಸಾಮಾನ್ಯವಾಗಿ ಬಲಗಡೆಯೇ ಇರುವುದರಿಂದ ಹಿಂದಿನ ಎಡ ಚಕ್ರ ಅತಿ ದೂರದ್ದು, ಬಹುತೇಕ ಅಲ್ಲಿಂದಲೇ ಶುರು. ಸರ್ಕ್ಯೂಟ್ ಮೂಲೆಯಿಂದ ಮೂಲೆಗೆ ಹಂಚಿಹೋಗಿದ್ದರೆ ಅದರ ನಂತರ ಮುಂದಿನ ಬಲ ಚಕ್ರ ಬರುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತಿ ಆಕ್ಸಲ್ ಜೋತುಬಿದ್ದರೆ ಅದು ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಆದ್ದರಿಂದ ಸ್ಟ್ಯಾಂಡನ್ನು ಗಾಡಿಯ ಬಾಡಿಯ ಕೆಳಗೆ ಕೊಡದೆ ಆಕ್ಸಲಿನ ಕೆಳಗೆ ಕೊಡಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ.

ಓದುತ್ತಿರುವ ಬೇರೆಯವರಿಗೊಂದು ಸೂಚನೆ: ಎಬಿಎಸ್ ಇರುವ ಕಾರಿನಲ್ಲಿ ಡಬ್ಬಿ ಖಾಲಿಯಾಗಿ ಅದರ ಯೂನಿಟ್ಟಿನೊಳಗೆ ಗಾಳಿ ಹೊಕ್ಕರೆ, ಸ್ಕ್ಯಾನರ್ ಜೋಡಿಸಿ ಅದರ ಪಂಪನ್ನು ಓಡಿಸದೆ ಗಾಳಿ ಪೂರ್ತಿ ಹೊರಬರುವುದು ಕಷ್ಟ.

ತುಂಗಾತೀರ

ನಿನ್ನೆ ಭಾನುವಾರ ಕೆಲಸ ಮುಗಿಸಿದೆ. ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿದೆ, ಪೆಡಲ್ ಕದಲಲಿಲ್ಲ. ಹಿಂದಿನ ಶೂಗಳಲ್ಲಿ ಬಲಗಡೆಯದು ಡ್ರಮ್ಮಿನಿಂದ ಬಹಳ ದೂರ ಸರಿದಿತ್ತು, ಅದನ್ನು ಹೊಂದಿಸಿದ ಮೇಲೆಯೇ ಪೆಡಲ್ ಒಂದು ಬೆರಳಿನಷ್ಟು ಮೇಲೆ ಬಂತು. ನಂತರ ಹಲಸಿನ ಮರದ ಹಳೆಯ ತುಂಡೊಂದನ್ನು ಅಳತೆಗೆ ಕೊಯ್ದು ಪೆಡಲ್ ಕೆಳಗೆ ಇಟ್ಟೆ. ಹಿಂದಿನ ಎರಡು ಚಕ್ರಗಳಿಗೆ ಕರಾವಳಿಯವಳು ಅವರು ಹೇಳಿದಂತೆ ತಾನಾಗಿಯೇ ಇಳಿಯಲು ಬಿಟ್ಟೆ. ಎಡಗಡೆಯಿಂದ ಬಂದ ಆಯಿಲ್ ಕಪ್ಪಗೆ, ಗಸಿಗಸಿಯಾಗಿತ್ತು. ಜೇನಿನ ಬಣ್ಣ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಮುಂದಿನ ಚಕ್ರಗಳಿಗೆ ಮಗಳು ಪೆಡಲ್ ಒತ್ತಿದಳು. ತುಂಡಿಗೆ ತಾಗುವ ಮೊದಲೇ ನಿಪ್ಪಲ್ ಬಿಗಿಯುವ ಅಂದಾಜು ನಾಲ್ಕನೇ ಒತ್ತಿಗೆ ಇಬ್ಬರಿಗೂ ಸಿಕ್ಕಿತು. ಒಟ್ಟು ಮುಕ್ಕಾಲು ಲೀಟರ್ ಆಯಿಲ್ ಹಿಡಿಯಿತು. ಮುಗಿದ ಮೇಲೆ ಮತ್ತೆ ಪೆಡಲ್ ಒತ್ತಿ ಹಿಡಿದೆ, ಮಗಳು ಗಡಿಯಾರ ನೋಡಿ ಎರಡು ನಿಮಿಷ ಎಣಿಸಿದಳು, ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಇಂದು ಬೆಳಿಗ್ಗೆ ಊರೊಳಗಿನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿದ್ದೇನೆ. ಘಾಟಿಗೆ ಮುಂದಿನ ವಾರ ಹೋಗಬೇಕೆಂದಿದ್ದೇನೆ. ನಮ್ಮಣ್ಣನವರಿಗೂ ಇದನ್ನೆಲ್ಲ ಓದಿ ಹೇಳಿದೆ.

ಉತ್ತರ — ಹಳೆಯ ಪಾನಾ

ಬಹಳ ಸಂತೋಷವಾಯಿತು, ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ಘಾಟಿ ಇಳಿಯುವ ಹಿಂದಿನ ದಿನ ಒಂದು ಕೆಲಸ ಮಾಡಿ. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದ ಕೆಳಭಾಗಕ್ಕೆ ಬಿಳಿಯ ಕಾಗದದ ಕರವಸ್ತ್ರ ಸುತ್ತಿದ ಬೆರಳನ್ನು ಒತ್ತಿ ನೋಡಿ. ಹಿಂದಿನ ಸೀಲ್ ಬಿಟ್ಟಿದ್ದರೆ ತೇವ ಮೊದಲು ಕಾಣುವುದು ಅಲ್ಲಿಯೇ. ನಾಲ್ಕು ನಿಪ್ಪಲ್‌ಗಳನ್ನೂ ಹಾಗೆಯೇ ಒರೆಸಿ ನೋಡಿ, ಡಬ್ಬಿಯ ಮಟ್ಟಕ್ಕೆ ಇಂದೇ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಕಾಗದ ಒಣಗಿದ್ದು, ಮಟ್ಟ ಗೆರೆಯಲ್ಲೇ ಇದ್ದರೆ ಹೊರಡಿ.